ತಂಗಿ 800 ಮೀಟರ್ ಓಡುತ್ತಾಳೆ. ಹಾಸ್ಟೆಲ್‌ಗೆ ಕಳಿಸೋದಾ, ಪಿಯುಸಿ ಓದಿಸೋದಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಸ್ವಲ್ಪ ಅಡಿಕೆ, ಸ್ವಲ್ಪ ಗದ್ದೆ. ತಂಗಿಗೆ ಈಗ 16. ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, 84 ಪರ್ಸೆಂಟ್ ಬಂದಿದೆ.

ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ತಡವಾದ ದಿನ ಓಡಿಕೊಂಡೇ ಹೋಗುತ್ತಿದ್ದಳು. ಅದನ್ನು ನೋಡಿ ಪಿಟಿ ಮೇಷ್ಟ್ರು ಎಂಟನೇ ಕ್ಲಾಸಲ್ಲಿ 800 ಮೀಟರ್‌ಗೆ ಹಾಕಿದರು. ಕಳೆದ ವರ್ಷ ತಾಲ್ಲೂಕಿಗೆ ಮೊದಲು ಬಂದಳು. 2 ನಿಮಿಷ 18 ಸೆಕೆಂಡ್ ಅಂದರು. ಜಿಲ್ಲೆಯಲ್ಲಿ ಎರಡನೇ ಸ್ಥಾನ. ಅಲ್ಲಿ ಟೈಮ್ ಯಾರೂ ಹೇಳಲಿಲ್ಲ.

ಈಗ ದೂರದ ಒಂದು ಕ್ರೀಡಾ ಹಾಸ್ಟೆಲ್‌ನವರು ಬನ್ನಿ ಅಂತಿದ್ದಾರೆ. ಅಪ್ಪ ಸೈನ್ಸ್ ತಗೊಳ್ಳಲಿ ಅಂತಾರೆ. ಅಮ್ಮನಿಗೆ ಹೆಣ್ಣುಮಗಳನ್ನು ಅಷ್ಟು ದೂರ ಬಿಡೋಕೆ ಭಯ. ತಂಗಿ ಓಡಲೇಬೇಕು ಅಂತ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಈ ಓಟದಲ್ಲಿ ಜೀವನ ಇದೆಯಾ? ಎಷ್ಟು ವರ್ಷ ಓಡಬಹುದು? ಆಮೇಲೆ ಏನು? ನಾನೂ ಕಬಡ್ಡಿ ಆಡುತ್ತಿದ್ದೆ, ತೋಟ ನೋಡಿಕೊಳ್ಳಬೇಕಾಗಿ ಬಿಟ್ಟೆ. ಇವತ್ತಿಗೂ ಬೇಜಾರಿದೆ. ಓಡಿದವರು ಇದ್ದರೆ ಇದ್ದಿದ್ದನ್ನು ಇದ್ದ ಹಾಗೆ ಹೇಳಿ.

ಸಾಗರದ ಹುಡುಗ
ಕಳಿಸಿ ಅಣ್ಣ. ಜಿಲ್ಲೆಗೆ ಎರಡನೇ ಸ್ಥಾನ ಅಂದ್ರೆ ಕಡಿಮೆ ಮಾತಲ್ಲ.

ಅಡಿಕೆ ಮಂಡಿ
ಬೇಜಾರು ಮಾಡ್ಕೋಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. 84 ಪರ್ಸೆಂಟ್ ತೆಗೆದ ಹುಡುಗಿ. ಓಟ ನಂಬಿ ಮನೆ ನಡೆಸುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ? ಸೈನ್ಸ್ ತಗೊಳ್ಳಲಿ. ಬೆಳಿಗ್ಗೆ ಸಂಜೆ ಓಡಲಿ, ಯಾರು ಬೇಡ ಅಂದರು?

ಸಾಗರದ ಹುಡುಗ
ಸೈನ್ಸ್ ತಗೊಂಡರೆ ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ಓಡೋದು ಯಾವಾಗ?

ಎರಡು ಸುತ್ತು
ನಾನು 800 ಓಡಿದವಳು. ಕುವೆಂಪು ವಿಶ್ವವಿದ್ಯಾಲಯದ ತಂಡದಲ್ಲಿ ಎರಡು ವರ್ಷ ಇದ್ದೆ. ಈಗ 34, ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಡಿಕೆ ಸಸಿ ನೆಟ್ಟ ಮೇಲೆ ಫಸಲಿಗೆ ಐದಾರು ವರ್ಷ ಕಾಯುತ್ತೀರಲ್ಲ, 800, 1500 ಮೀಟರ್ ಓಟವೂ ಹಾಗೇ. ಒಳ್ಳೆಯ ಓಟ ಬರೋದು ಸಾಮಾನ್ಯವಾಗಿ 22 ದಾಟಿದ ಮೇಲೆ. 28, 30ರವರೆಗೂ ಉಳಿಯುತ್ತೆ. 16ಕ್ಕೆ ಗೆದ್ದವರೆಲ್ಲ 24ಕ್ಕೆ ಇರಲ್ಲ. 16ಕ್ಕೆ ನಾಲ್ಕನೆಯವಳಾಗಿದ್ದವಳು ಎಷ್ಟೋ ಸಲ ಆಗ ಮುಂದಿರುತ್ತಾಳೆ. ಕೇರಳದ ಟಿಂಟು ಲೂಕಾ ಚಿಕ್ಕ ಹುಡುಗಿಯಾಗಿ ಪಿ.ಟಿ. ಉಷಾ ಅವರ ಶಾಲೆ ಸೇರಿದವರು. 1 ನಿಮಿಷ 59.17 ಸೆಕೆಂಡ್‌ನಲ್ಲಿ ರಾಷ್ಟ್ರೀಯ ದಾಖಲೆ ಮಾಡಿದ್ದು 2010ರಲ್ಲಿ, 21ರ ವಯಸ್ಸಿಗೆ. ನಡುವಿನ ವರ್ಷಗಳನ್ನು ಯಾರೋ ತಾಳ್ಮೆಯಿಂದ ಕಾದಿದ್ದಾರೆ.

ನನ್ನ ಕಥೆ ಬೇರೆ. 15ಕ್ಕೆ ಮನೆ ಬಿಟ್ಟು ಒಂದು ಕಡೆ ತರಬೇತಿಗೆ ಸೇರಿದೆ. 20 ವರ್ಷದ ಅಕ್ಕಂದಿರಿಗೆ ಏನೋ ನನಗೂ ಅದೇ. ದಿನಕ್ಕೆ ಎರಡು ಹೊತ್ತು, ವಾರಕ್ಕೆ ಆರು ದಿನ. ಮೊದಲ ವರ್ಷ ಟೈಮ್ ಜೋರಾಗಿ ಇಳಿಯಿತು, ಊರಲ್ಲಿ ಪೇಪರಿಗೆ ಫೋಟೋ ಬಂತು. ಎರಡನೇ ವರ್ಷ ಮೊಣಕಾಲಿನ ಕೆಳಗೆ, ಮುಂದಿನ ಮೂಳೆ ನೋಯೋಕೆ ಶುರುವಾಯಿತು. ಮುಟ್ಟು ಎಂಟು ತಿಂಗಳು ನಿಂತಿತ್ತು. ಕೇಳಿದರೆ, ಓಡೋ ಹುಡುಗಿಯರಿಗೆ ಅದು ಮಾಮೂಲು ಅಂದರು. ಮಾಮೂಲು ಅಲ್ಲ. ಊಟ ಸಾಲದೆ ಜಾಸ್ತಿ ಓಡಿದರೆ ಮೊದಲು ಮುಟ್ಟು ನಿಲ್ಲುತ್ತೆ, ಆಮೇಲೆ ಮೂಳೆ ಸೋಲುತ್ತೆ. ನನ್ನದು ಬಿರುಕು ಬಿಟ್ಟಿತ್ತು. ಎರಡು ವರ್ಷ ಹೋಯಿತು. ಡಿಗ್ರಿಗೆ ಬಂದ ಮೇಲೆ ಮತ್ತೆ ಓಡಿದೆ, ಆದರೆ ಆ ಕಾಲು ಮೊದಲಿನ ಹಾಗೆ ಆಗಲಿಲ್ಲ.

ಹಾಸ್ಟೆಲ್ ಬೇಡ ಅಂತ ಅಲ್ಲ. ಒಳ್ಳೆಯ ಹಾಸ್ಟೆಲ್ ಇವೆ, ಅಲ್ಲಿಂದ ಬಂದ ಗೆಳತಿಯರು ನನಗಿದ್ದಾರೆ. ಆದರೆ ಹೋಗಿ ನೋಡಿ. ಅಲ್ಲಿರುವ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ. ನೋವು ಅಂದರೆ ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ದಿನ ಬಿಡುವು, ಕಾಲೇಜು ಎಷ್ಟು ದೂರ ಅಂತ ಕೇಳಿ. ಮೂರು ವರ್ಷದ ಹಿಂದೆ ಬಂದವರು ಈಗಲೂ ಓಡುತ್ತಿದ್ದಾರಾ ಅಂತ ಅಂತೂ ಕೇಳಲೇಬೇಕು.

ನರ್ಸ್ ಅಕ್ಕ ಭದ್ರಾವತಿ
ಮೇಲಿನ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ಜೊತೆಗೆ ಒಂದು ಸೇರಿಸುತ್ತೇನೆ. ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮಾತ್ರ ಅಲ್ಲ, ಫೆರಿಟಿನ್ ಕೂಡ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಈ ವಯಸ್ಸಿನ ಹುಡುಗಿಯರಲ್ಲಿ ಅದು ಕಡಿಮೆ ಇರೋದು ತುಂಬಾ ಜಾಸ್ತಿ. ಏದುಸಿರು ಬಂದರೆ ಸೋಮಾರಿ ಅಂತ ಬೈಯುತ್ತಾರೆ, ಕಾರಣ ರಕ್ತದಲ್ಲಿರುತ್ತೆ. ಊಟ ಆದ ಕೂಡಲೇ ಕಾಫಿ, ಟೀ ಕುಡಿಯೋದು ಬಿಡಿಸಿ, ಕಬ್ಬಿಣ ಮೈಗೆ ಹತ್ತಲ್ಲ. ಮತ್ತೆ, ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅಂದಿರಲ್ಲ, ಮೊದಲು ಊಟ ಮಾಡಿಸಿ.

ತೋಟದಮನೆ
ಅಕ್ಕ, ಈಗ ತಾನೇ ಊಟ ಮಾಡಿದಳು. ನಿಮ್ಮ ಮಾತು ಓದಿ ಹೇಳಿದೆ.

ಹಳೇ ಪಿಟಿ ಮೇಷ್ಟ್ರು
2:18 ಅಂದರಲ್ಲ, ಯಾವ ಮೈದಾನ? ಎಷ್ಟು ಸುತ್ತು ಓಡಿದಳು?

ತೋಟದಮನೆ
ಹೈಸ್ಕೂಲ್ ಮೈದಾನ ಸರ್. ಮಣ್ಣು. ನಾಲ್ಕು ಸುತ್ತು. ಸುಣ್ಣದ ಗೆರೆ ಹಾಕಿದ್ದರು.

ಹಳೇ ಪಿಟಿ ಮೇಷ್ಟ್ರು
ಹಾಗಾದರೆ ಆ ಟೈಮನ್ನು ಹಾಗೇ ನಂಬೋಕೆ ಆಗಲ್ಲ. ತೆಗೆದು ಹಾಕೋಕೂ ಆಗಲ್ಲ. ನಾನು 30 ವರ್ಷ ಸುಣ್ಣ ಹಾಕಿದವನು. ಒಳಗಿನ ಗೆರೆಯ ಮೇಲೇ ಟೇಪ್ ಹಿಡಿದು 200 ಮೀಟರ್ ಅಳೆಯುತ್ತಾರೆ. ಆದರೆ ಓಡುವವರು ಗೆರೆ ಮೇಲೆ ಓಡಲ್ಲ. ಒಂದಡಿ ಹೊರಗೆ ಓಡಿದರೆ ಸುತ್ತಿಗೆ ಸುಮಾರು 1.9 ಮೀಟರ್ ಜಾಸ್ತಿ. ನಾಲ್ಕು ಸುತ್ತಿಗೆ ಏಳೂವರೆ ಮೀಟರ್. ಅಂದರೆ ಒಂದು ಸೆಕೆಂಡಿಗಿಂತ ಜಾಸ್ತಿಯೇ ಆಯಿತು. ಮೇಲೆ ಎಂಟು ತಿರುವು, ಪ್ರತಿ ತಿರುವಿನಲ್ಲೂ ವೇಗ ಬೀಳುತ್ತೆ. ಇನ್ನೊಂದು ಕಡೆ, ಜಾಗ ಸಾಲದೆ 190 ಮೀಟರ್‌ಗೇ ಗೆರೆ ಹಾಕಿ 200 ಅಂದವರೂ ಇದ್ದಾರೆ. ಶಿವಮೊಗ್ಗಕ್ಕೆ ಬಂದು ನೆಹರೂ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕಲ್ಲಿ ಒಮ್ಮೆ ಓಡಲಿ. ಆಮೇಲೆ ಮಾತಾಡೋಣ.

ಹೊಸನಗರದ ಗೌಡ
ಟೈಮ್ ಎಲ್ಲ ಆಮೇಲೆ. ನಮ್ಮ ಮಲೆನಾಡಿನ ಮಕ್ಕಳಿಗೆ ಹುಟ್ಟಿನಿಂದಲೇ ಬೆಟ್ಟದ ಗಾಳಿ. ಕೀನ್ಯಾದವರು ಬೆಟ್ಟದಲ್ಲಿ ಓಡಿಯೇ ಗೆಲ್ಲೋದು. ಆಗುಂಬೆ ಘಾಟಿ ಹತ್ತಿ ಇಳಿಸಿ, ಯಾವ ಹಾಸ್ಟೆಲೂ ಬೇಡ.

ಶರಾವತಿ ಕಣಿವೆ
ಗೌಡ್ರೇ, ಇದೊಂದು ತಪ್ಪು ತಿಳಿವಳಿಕೆ. ಎಲ್ಲರೂ ಹೇಳುತ್ತಾರೆ. ಕೀನ್ಯಾದ ಇಟೆನ್ ಊರು ಇರೋದು ಸಮುದ್ರ ಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ. ನಮ್ಮ ಶಿವಮೊಗ್ಗ 570ರ ಆಸುಪಾಸು, ಆಗುಂಬೆ 650ರ ಹತ್ತಿರ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ ತುದಿಯೇ 1,930 ಮೀಟರ್. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಕಡಿಮೆಯಾಗಿ, ದೇಹ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಳ್ಳೋಕೆ 2,000 ಮೀಟರ್ ಆದರೂ ಬೇಕು ಅಂತಾರೆ. ಭಾರತದ ಓಟಗಾರರು ಊಟಿಗೆ ಹೋಗೋದು ಅದಕ್ಕೇ, ಅದು 2,240.

ಹೊಸನಗರದ ಗೌಡ
ಹಾಗಾದ್ರೆ ಘಾಟಿ ಹತ್ತೋದು ದಂಡನಾ?

ಶರಾವತಿ ಕಣಿವೆ
ಖಂಡಿತಾ ಅಲ್ಲ. ಏರು ಓಡಿದರೆ ಕಾಲಿಗೆ ಬಲ ಬರುತ್ತೆ, ಹೆಜ್ಜೆ ಚೆನ್ನಾಗಿ ಎತ್ತೋದು ಕಲಿಯುತ್ತಾರೆ. ಇಳಿಜಾರಲ್ಲಿ ಓಡಿಸಬೇಡಿ ಅಷ್ಟೇ, ಮಂಡಿ ಹಾಳಾಗುತ್ತೆ. ಘಾಟಿ ರಸ್ತೆಯೂ ಬೇಡ, ಲಾರಿ ಬರುತ್ತವೆ. ಮನೆ ಹಿಂದಿನ ಮಣ್ಣಿನ ಏರು ಸಾಕು.

ಸೊರಬ ಕಡೆಯವ
ಮಣ್ಣಿನ ದಾರಿ ಅಂದಿದ್ದಕ್ಕೆ ಹೇಳುತ್ತೇನೆ. ಕಾಡಿನ ಒಳದಾರಿಯಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಓಡಿಸಬೇಡಿ. ಮಂಗನ ಕಾಯಿಲೆ ಹರಡುವ ಉಣುಗು ಆಗ ಜಾಸ್ತಿ. 1957ರಲ್ಲಿ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ನಮ್ಮ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡಿದ್ದೇವೆ.

ನರ್ಸ್ ಅಕ್ಕ ಭದ್ರಾವತಿ
ತುಂಬಾ ಒಳ್ಳೆ ಮಾತು ಹೇಳಿದಿರಿ. ಹೋಗಲೇಬೇಕಾದರೆ ಉದ್ದ ಪ್ಯಾಂಟ್ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಮೈ ನೋಡಿಕೊಳ್ಳಲಿ.

ಸಾಗರದ ಹುಡುಗ
ಮಳೆಗಾಲದಲ್ಲಿ ಏನು ಮಾಡೋದು? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಜೂನ್, ಜುಲೈನಲ್ಲಿ ಹೊರಗೆ ಕಾಲಿಡೋಕೆ ಆಗಲ್ಲ.

ಎರಡು ಸುತ್ತು
ಶಾಲೆ ಜಗುಲಿ ಮೇಲೆ ಹಗ್ಗದಾಟ, ಮೆಟ್ಟಿಲು, ಹೊಟ್ಟೆ ಬೆನ್ನಿನ ವ್ಯಾಯಾಮ. ಮಳೆ ಬಿಟ್ಟ ಹೊತ್ತಲ್ಲಿ ಅರ್ಧ ಗಂಟೆ ನಿಧಾನದ ಓಟ. ನಾನು ಒದ್ದೆ ಶೂ ಒಲೆ ಹತ್ತಿರ ಒಣಗಿಸಿ ಸುಟ್ಟುಕೊಂಡಿದ್ದೇನೆ. ಒಳಗೆ ಪೇಪರ್ ತುಂಬಿಸಿಡಿ, ಬೆಳಿಗ್ಗೆಗೆ ಒಣಗಿರುತ್ತೆ. ಆ ಎರಡು ತಿಂಗಳು ಟೈಮ್ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಡಿ.

ಖಾಕಿ ಅಣ್ಣ
ಕೆಲಸದ ವಿಷಯ ಯಾರೂ ಸರಿಯಾಗಿ ಹೇಳಿಲ್ಲ. ನಾನು 1500 ಓಡುತ್ತಿದ್ದೆ, ಈಗ ಪೊಲೀಸ್ ಇಲಾಖೆಯಲ್ಲಿದ್ದೇನೆ. ರೈಲ್ವೆ, ಪೊಲೀಸ್, ಸೇನೆ, ಕೆಲವು ಬ್ಯಾಂಕ್, ಸರ್ಕಾರಿ ಕಂಪನಿಗಳಲ್ಲಿ ಕ್ರೀಡಾ ಕೋಟಾ ಇದೆ. ಆದರೆ ಜಿಲ್ಲೆಯ ಪದಕಕ್ಕೆ ಅಲ್ಲಿ ಬೆಲೆ ಇಲ್ಲ. ರಾಷ್ಟ್ರೀಯ ಕೂಟ, ಅಂತರ ವಿಶ್ವವಿದ್ಯಾಲಯ ಕೂಟದ ಸ್ಥಾನ ಕೇಳುತ್ತಾರೆ. ರೈಲ್ವೆ ಕೋಟಾಕ್ಕೆ ವಯಸ್ಸು 18ರಿಂದ 25. ಈಗ 16. ಕಿಟಕಿ ಅಷ್ಟೇ ಇರೋದು.

ಪಿಯುಸಿ, ಡಿಗ್ರಿ ಎರಡೂ ಮುಖ್ಯ. ಡಿಗ್ರಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಕೂಟವೇ ತಪ್ಪಿಹೋಗುತ್ತೆ. ಹುಡುಗ ಹುಡುಗಿಯರು ಜಾಸ್ತಿ ಗಮನಕ್ಕೆ ಬರೋದು ಅಲ್ಲೇ. ಹಾಗಾಗಿ ಓದು ಇಲ್ಲವೇ ಓಟ ಅನ್ನೋ ಜಗಳವೇ ತಪ್ಪು.

ಅಡಿಕೆ ಮಂಡಿ
ನಾನೂ ಅದನ್ನೇ ಹೇಳಿದ್ದು!

ಖಾಕಿ ಅಣ್ಣ
ನೀವು ಸೈನ್ಸ್ ಅಂದಿರಿ. ನಾನು ಕಾಮರ್ಸ್, ಆರ್ಟ್ಸ್ ಆದರೂ ಸಾಕು ಅಂತಿದ್ದೇನೆ. ಸಂಜೆ ಎರಡು ಗಂಟೆ ಉಳಿಯಬೇಕು.

ಹೊಸನಗರದ ಗೌಡ
ಪೊಲೀಸ್ ಪರೀಕ್ಷೆಯಲ್ಲೂ ಓಟ ಇದೆಯಲ್ಲ, ಅದಕ್ಕೆ ಸುಲಭ ಆಗುತ್ತೆ.

ಖಾಕಿ ಅಣ್ಣ
ಗಂಡಸರಿಗೆ 1600 ಮೀಟರ್ ಆರೂವರೆ ನಿಮಿಷ, ಹೆಂಗಸರಿಗೆ 400 ಮೀಟರ್ ಎರಡು ನಿಮಿಷ. 2:18ಕ್ಕೆ 800 ಓಡುವವಳಿಗೆ ಅದು ನಡಿಗೆ. ಅಷ್ಟಕ್ಕೇ ಅವಳ ಓಟವನ್ನು ನಿಲ್ಲಿಸಬೇಡಿ ದಯವಿಟ್ಟು. ನಮ್ಮ ಕಡೆ ಅದೇ ಆಗೋದು. ಚೆನ್ನಾಗಿ ಓಡುವ ಹುಡುಗ ಕಾನ್‌ಸ್ಟೆಬಲ್ ಆದ ದಿನ ಶೂ ಬಿಚ್ಚಿಡುತ್ತಾನೆ. ನಾನೂ ಬಿಚ್ಚಿಟ್ಟೆ, 23ಕ್ಕೆ. ಇನ್ನೂ ನಾಲ್ಕೈದು ವರ್ಷ ನನ್ನ ಕಾಲಲ್ಲಿ ಓಟ ಇತ್ತು.

ಮಾಂಟ್ರಿಯಲ್ 76
ಮಧ್ಯಮ ದೂರದ ಮಾತು ಬಂದಾಗ ಶ್ರೀರಾಮ್ ಸಿಂಗ್ ಹೆಸರು ಬರಲೇಬೇಕು. 1976ರ ಒಲಿಂಪಿಕ್ಸ್ 800 ಮೀಟರ್ ಫೈನಲ್. ಮೊದಲ ಸುತ್ತು ಮುಗಿದಾಗ ಮುಂದಿದ್ದವರು ನಮ್ಮವರು, 50.85 ಸೆಕೆಂಡ್. ಆಮೇಲೆ ಕ್ಯೂಬಾದ ಹುವಾಂಟೊರೇನಾ ದಾಟಿ ಹೋದರು, 1:43.50ರ ವಿಶ್ವದಾಖಲೆ. ಶ್ರೀರಾಮ್ ಏಳನೆಯವರು, 1:45.77. ಆ ಭಾರತೀಯ ದಾಖಲೆ 42 ವರ್ಷ ಉಳಿಯಿತು. 2018ರಲ್ಲಿ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿ ಮುರಿದರು.

ಶರಾವತಿ ಕಣಿವೆ
ಏಳನೇ ಸ್ಥಾನಕ್ಕೆ ಬಿದ್ದಿದ್ದು ಅಷ್ಟು ಜೋರಾಗಿ ಹೋಗಿದ್ದಕ್ಕೇ ಅಲ್ವಾ? ಹಿಂದೆ ಉಳಿದಿದ್ದರೆ ಪದಕ ಸಿಗುತ್ತಿತ್ತೇನೋ.

ಮಾಂಟ್ರಿಯಲ್ 76
ಒಪ್ಪಲ್ಲ. ಹಾಗೆ ಓಡಿದ್ದಕ್ಕೇ 1:45.77 ಬಂತು. ಗುಂಪಲ್ಲಿ ಕೂತಿದ್ದರೆ ಅದೂ ಇರುತ್ತಿರಲಿಲ್ಲ.

ಎರಡು ಸುತ್ತು
ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. 800 ಮೀಟರಲ್ಲಿ ಮೊದಲ ಸುತ್ತು ಸ್ವಲ್ಪ ಜೋರಾಗಿರೋದೇ ಸರಿ. ಕೀನ್ಯಾದ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 1:40.91 ಓಡಿ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೆಯದು 51.63. ಎರಡೂವರೆ ಸೆಕೆಂಡ್ ಕೂಡ ವ್ಯತ್ಯಾಸ ಇಲ್ಲ. ನಮ್ಮ ಶಾಲೆ ಮಕ್ಕಳಲ್ಲಿ ಹತ್ತು, ಹನ್ನೆರಡು ಸೆಕೆಂಡ್ ಬೀಳುತ್ತೆ. ಪಿಸ್ತೂಲು ಹೊಡೆದ ಕೂಡಲೇ 200 ಮೀಟರ್ ಓಡುವವರ ಹಾಗೆ ಹೋಗುತ್ತಾರೆ. ಕೊನೆಯ 150 ಮೀಟರ್ ಕಾಲು ಸೀಸ ಆಗಿರುತ್ತೆ. 800 ಅಂದ್ರೆ ಬರೀ ವೇಗ ಅಲ್ಲ, ಅರ್ಧಕ್ಕಿಂತ ಜಾಸ್ತಿ ಶಕ್ತಿ ಉಸಿರಿನಿಂದಲೇ ಬರೋದು. ಆ ಉಸಿರು ಕಟ್ಟೋಕೆ ವರ್ಷಗಟ್ಟಲೆ ನಿಧಾನದ ಓಟ ಬೇಕು.

ರುಡಿಶಾ ಗುರು ಯಾರು ಗೊತ್ತಾ? ಕಾಲ್ಮ್ ಓಕಾನಲ್, ಐರ್ಲೆಂಡಿನ ಕ್ರೈಸ್ತ ಬ್ರದರ್. 1976ರಲ್ಲಿ ಇಟೆನ್‌ನ ಶಾಲೆಗೆ ಭೂಗೋಳ ಪಾಠ ಮಾಡೋಕೆ ಬಂದವರು. ಓಟದ ತರಬೇತಿ ಕಲಿತೇ ಇರಲಿಲ್ಲ. ಮಕ್ಕಳನ್ನು ನೋಡಿ ನೋಡಿ ಕಲಿತರು. ನಿಮ್ಮ ಪಿಟಿ ಮೇಷ್ಟ್ರನ್ನು ಬಿಡಬೇಡಿ ಅನ್ನೋದು ಅದಕ್ಕೆ. ಅವಳ ಕಾಲನ್ನು ಮೂರು ವರ್ಷದಿಂದ ನೋಡಿದವರು ಅವರೊಬ್ಬರೇ.

ಹಳೇ ಪಿಟಿ ಮೇಷ್ಟ್ರು
ಈ ಮಾತು ಕೇಳಿ ಕಣ್ಣು ತುಂಬಿತು ತಂಗಿ.

ರಿಪ್ಪನ್‌ಪೇಟೆ ಅಮ್ಮ
ನನಗೆ ಓಟ ಗೊತ್ತಿಲ್ಲ. ಆದರೆ ಆ ತಾಯಿಯ ಭಯ ಗೊತ್ತು. ನಾಳೆ ಮದುವೆ ಅಂತ ಬಂದರೆ ಓಟ ಅಲ್ಲಿಗೇ ನಿಲ್ಲುತ್ತಲ್ಲಾ?

ಮಾಂಟ್ರಿಯಲ್ 76
ನಿಲ್ಲಬೇಕಾಗಿಲ್ಲ ಅಮ್ಮಾ. ಕೇರಳದ ಓಟಗಾರ್ತಿ ಶೈನಿ ವಿಲ್ಸನ್ ತಾಯಿಯಾದ ಮೇಲೆ, 1995ರಲ್ಲಿ 800 ಮೀಟರನ್ನು 1:59.85ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಅದಾಗಿ 15 ವರ್ಷ ಆ ದಾಖಲೆ ಯಾರಿಗೂ ಸಿಗಲಿಲ್ಲ. ಪಂಜಾಬಿನ ಹರ್ಮಿಲನ್ ಬೈನ್ಸ್ ತಾಯಿ ಮಾಧುರಿ 2002ರ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಬೆಳ್ಳಿ ಗೆದ್ದವರು. ಮಗಳು 2023ರ ಏಷ್ಯನ್ ಕೂಟದಲ್ಲಿ 800, 1500 ಎರಡರಲ್ಲೂ ಬೆಳ್ಳಿ ತಂದಳು.

ಹಳೇ ಪಿಟಿ ಮೇಷ್ಟ್ರು
ಶೈನಿ ಹೆಸರು ಬಂತಲ್ಲ, ಹುಡುಗಿಗೆ ಇದನ್ನು ಹೇಳಿ. 1986ರ ಸಿಯೋಲ್ ಏಷ್ಯನ್ ಕೂಟದ 800ರಲ್ಲಿ ಅವರು ಮುಂದೆ ಇದ್ದರು. ಆದರೆ ತಮ್ಮ ಲೇನ್ ಬಿಟ್ಟು ಬೇಗ ಒಳಗೆ ಬಂದಿದ್ದಕ್ಕೆ ಅನರ್ಹ ಮಾಡಿದರು. ದೊಡ್ಡ ಟ್ರ್ಯಾಕಲ್ಲಿ ಮೊದಲ ತಿರುವು ಪೂರ್ತಿ ಅವರವರ ಲೇನಲ್ಲೇ ಓಡಬೇಕು. ಬಾಗಿದ ಗೆರೆ ದಾಟಿದ ಮೇಲಷ್ಟೇ ಒಳಗೆ. ಮಣ್ಣಿನ ಮೈದಾನದಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಬಿಡುತ್ತೇವೆ, ಮಕ್ಕಳಿಗೆ ಇದು ಗೊತ್ತೇ ಇರಲ್ಲ.

ಖಾಕಿ ಅಣ್ಣ
ಇನ್ನೊಂದು. ಯಾರಾದರೂ ಪುಡಿ ಡಬ್ಬ ಕೊಟ್ಟರೆ, ಇಂಜೆಕ್ಷನ್ ಅಂದರೆ ಬೇಡ ಅನ್ನಲಿ. ಗೊತ್ತಿಲ್ಲದೆ ತಗೊಂಡೆ ಅಂದರೂ ಪರೀಕ್ಷೆಯಲ್ಲಿ ಸಿಕ್ಕರೆ ಹೊಣೆ ಅವಳದೇ. ರಾಗಿ ಗಂಜಿ, ಮೊಟ್ಟೆ, ಹೆಸರುಕಾಳು, ಹಾಲು ಸಾಕು ಈ ವಯಸ್ಸಿಗೆ.

ಸಾಗರದ ಹುಡುಗ
ಮಂಜಿತ್ ಸಿಂಗ್ ಬಗ್ಗೆ ಯಾರೂ ಹೇಳಲಿಲ್ಲ. 2018ರಲ್ಲಿ ಜಕಾರ್ತದ ಏಷ್ಯನ್ ಕೂಟದಲ್ಲಿ 800 ಮೀಟರ್ ಚಿನ್ನ, 1:46.15. ಆಗ ಅವರಿಗೆ ಕೆಲಸವೇ ಇರಲಿಲ್ಲ. 29 ತುಂಬೋಕೆ ನಾಲ್ಕು ದಿನ ಇತ್ತು.

ಅಡಿಕೆ ಮಂಡಿ
ಚಿನ್ನ ಗೆಲ್ಲುವವನಿಗೇ ಕೆಲಸ ಇರಲಿಲ್ಲ ಅಂದರೆ ನನ್ನ ಭಯ ಸುಮ್ನೆ ಅಲ್ಲ ಅಲ್ವಾ? ಹುಡುಗಿ ಓಡಬಾರದು ಅಂತ ನಾನು ಹೇಳುತ್ತಿಲ್ಲ. ಅವಳ ಕೈಯಲ್ಲಿ ಇನ್ನೊಂದು ಏನಾದರೂ ಇರಲಿ.

ಎರಡು ಸುತ್ತು
ನಿಮ್ಮ ಭಯಕ್ಕೆ ಬೆಲೆ ಇದೆ ಅಣ್ಣ. ಅದಕ್ಕೇ ನಾನೂ ಬಿ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿದ್ದು.

ತೋಟದಮನೆ
ಒಂದು ವಾರ ಆಯಿತು, ಎಲ್ಲರಿಗೂ ಹೇಳಬೇಕು. ಅಪ್ಪನಿಗೆ ಇಲ್ಲಿಯ ಎಲ್ಲ ಮಾತನ್ನೂ ಕೂತು ಓದಿ ಹೇಳಿದೆ. ಹಾಸ್ಟೆಲ್‌ಗೆ ಹೋಗಿ ನೋಡಿ ಬಂದೆವು. ಹುಡುಗಿಯರು ಒಳ್ಳೆಯವರು. ಆದರೆ ಮೂರು ವರ್ಷದ ಹಿಂದೆ ಬಂದವರು ಎಲ್ಲಿ ಅಂತ ಕೇಳಿದಾಗ ಅಲ್ಲಿ ಉತ್ತರ ಸಿಗಲಿಲ್ಲ. ಈ ವರ್ಷ ತೀರ್ಥಹಳ್ಳಿಯಲ್ಲೇ ಪಿಯುಸಿ, ಕಾಮರ್ಸ್. ಪಿಟಿ ಮೇಷ್ಟ್ರು ಸಂಜೆ ನೋಡಿಕೊಳ್ಳುತ್ತಾರೆ. ತಂಗಿ ಅತ್ತಳು, ಆಮೇಲೆ ಡಿಗ್ರಿಗೆ ಹೊರಗೆ ಕಳಿಸಬೇಕು ಅಂತ ಅಪ್ಪನ ಹತ್ತಿರ ಮಾತು ತಗೊಂಡಳು. ಅಪ್ಪ ಒಪ್ಪಿದ್ದಾರೆ. ಫೆರಿಟಿನ್ ಕಡಿಮೆ ಬಂದಿದೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ.

ನಿನ್ನೆ ಭಾನುವಾರ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು ಕ್ರೀಡಾಂಗಣದಲ್ಲಿ ಓಡಿಸಿದೆ. ಹಳೇ ಮೇಷ್ಟ್ರು ಗಡಿಯಾರ ಹಿಡಿದು ನಿಂತಿದ್ದರು. 2 ನಿಮಿಷ 19. ಮೊದಲ ಸುತ್ತು 64, ಎರಡನೆಯದು 75.

ಎರಡು ಸುತ್ತು
ಫೆರಿಟಿನ್ ಕಡಿಮೆ ಇಟ್ಟುಕೊಂಡು, ಒಬ್ಬಳೇ ಓಡಿ 2:19! ಮಗು ಚೆನ್ನಾಗಿದ್ದಾಳೆ. 64 ಜಾಸ್ತಿ ಆಯಿತು. ಮಾತ್ರೆ ಎರಡು ತಿಂಗಳು ಹೋಗಲಿ, ಅಲ್ಲಿಯವರೆಗೆ ಗಡಿಯಾರ ಬೇಡ. ಆಮೇಲೆ ಒಂದು ಭಾನುವಾರ ಕರೆದುಕೊಂಡು ಬನ್ನಿ. ಮೊದಲ ಸುತ್ತು ನಾನೇ ಪಕ್ಕದಲ್ಲಿ ಓಡುತ್ತೇನೆ, 68ಕ್ಕೆ.

ಹಳೇ ಪಿಟಿ ಮೇಷ್ಟ್ರು
ಗಡಿಯಾರ ನಾನು ತರುತ್ತೇನೆ. ಬೆಳಿಗ್ಗೆ ಆರೂವರೆಗೆ ಗೇಟ್ ಹತ್ತಿರ ಇರುತ್ತೇನೆ.